ಕೋಳಿ ಮುದುಡಿ ಕೂತಾಗ, ಮೇಕೆ ಮೇವು ಬಿಟ್ಟಾಗ: ಪುಟ್ಟ ತೋಟದವರಿಗೆ ದೋಷ ಹುಡುಕುವ ಕೈಪಿಡಿ

ನಮ್ಮದು ತುಮಕೂರು ಕಡೆ ಒಂದು ಎಕರೆ ಜಾಗ. ಇಪ್ಪತ್ತು ಚಿಲ್ಲರೆ ಕೋಳಿ, ನಾಲ್ಕು ಮೇಕೆ, ಒಂದು ಹಸು. ಸಾಕೋದಕ್ಕೆ ಶುರು ಮಾಡಿದ ಮೊದಲ ವರ್ಷ ಏನಾದರೂ ಆದ ತಕ್ಷಣ ಔಷಧಿ ಅಂಗಡಿಗೆ ಓಡುತ್ತಿದ್ದೆ. ಪಕ್ಕದ ಹೊಲದ ಅಜ್ಜಿ ಒಂದು ದಿನ ತಡೆದು ಕೇಳಿದರು: "ನೀರು ನೋಡ್ದೇನಪ್ಪಾ? ಹಿಕ್ಕೆ ನೋಡ್ದಾ? ಏನೂ ನೋಡ್ದೆ ಔಷ್ದಿ ಯಾಕ್ ತರ್ತೀಯಾ?" ಅವತ್ತು ಬಾನಿ ನೋಡಿದರೆ ಒಳಗೆ ಪಾಚಿ ಕಟ್ಟಿತ್ತು. ಕೋಳಿಗಳು ಎರಡು ದಿನದಿಂದ ಸರಿಯಾಗಿ ನೀರೇ ಕುಡಿದಿರಲಿಲ್ಲ.

ಆಮೇಲಿಂದ ನಾನು ಪಾಲಿಸುವ ಕ್ರಮ ಇದು. ಮೊದಲು ನೀರು, ಆಮೇಲೆ ಮೇವು, ಆಮೇಲೆ ಮಲಗುವ ಜಾಗ, ಆಮೇಲೆ ಹಿಕ್ಕೆ ಇಲ್ಲ ಸಗಣಿ. ಇಷ್ಟೂ ನೋಡಿದ ಮೇಲೆ ಪ್ರಾಣಿಯನ್ನು ಕೈಯಲ್ಲಿ ಹಿಡಿದು ನೋಡುತ್ತೇನೆ. ಔಷಧಿಯ ಮಾತು ಕೊನೆಗೆ. ಆದರೆ ಕೆಲವು ಲಕ್ಷಣ ಕಂಡರೆ ಈ ಕ್ರಮಕ್ಕೆ ಸಮಯ ಇರುವುದಿಲ್ಲ, ನೇರವಾಗಿ ಫೋನ್ ಮಾಡಬೇಕು. ಅವನ್ನು ಆಯಾ ಜಾಗದಲ್ಲೇ ಹೇಳಿದ್ದೇನೆ.

ಮನೆಯಲ್ಲಿ ನಾಲ್ಕು ಸಾಮಾನು ಇಟ್ಟುಕೊಳ್ಳಿ: ಜ್ವರ ನೋಡುವ ಥರ್ಮಾಮೀಟರ್ (ಪ್ರಾಣಿಗಳಿಗೇ ಬೇರೆ), ಒಳ್ಳೆ ಟಾರ್ಚ್, ರಬ್ಬರ್ ಕೈಗವಸು, ಒಂದು ನೋಟ್ ಬುಕ್. ಗುದದಲ್ಲಿಟ್ಟು ನೋಡಿದಾಗ ಹಸುವಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಮೇಕೆಗೆ 102ರಿಂದ 103.5 ಇದ್ದರೆ ಸರಿ. ಕೋಳಿಯ ಮೈ ಬಿಸಿ ಸಹಜವಾಗಿಯೇ 105-107. ಹಾಗಾಗಿ ಕೋಳಿಯನ್ನು ಮುಟ್ಟಿ "ಜ್ವರ ಬಂದಿದೆ" ಅನ್ನೋ ಹಾಗಿಲ್ಲ.

ಮೊಟ್ಟೆ ಕಡಿಮೆಯಾಗಿದೆ, ಇಲ್ಲ ನಿಂತೇ ಹೋಗಿದೆ

ಜನ ಜಾಸ್ತಿ ಕೇಳುವುದು ಇದನ್ನೇ. ಇದರಲ್ಲಿ ಕಾಯಿಲೆ ಇರುವುದು ತೀರಾ ಕಡಿಮೆ.

ಮೊದಲ ಅನುಮಾನ: ಕೋಳಿ ಇಡುತ್ತಿದೆ, ನಿಮಗೆ ಸಿಗುತ್ತಿಲ್ಲ. ಬಿಟ್ಟು ಮೇಯಿಸುವ ಹೇಂಟೆಗಳು ಲಂಟಾನ ಪೊದೆಯಲ್ಲಿ, ಹುಲ್ಲಿನ ಬಣವೆಯ ಸಂದಿನಲ್ಲಿ ಕದ್ದು ಇಡುತ್ತವೆ. ಮೂರು ನಾಲ್ಕು ದಿನ ಬೆಳಿಗ್ಗೆ ಹನ್ನೊಂದರವರೆಗೆ ಗೂಡಿನಲ್ಲೇ ಕೂಡಿಹಾಕಿ. ಖರ್ಚಿಲ್ಲದ ಪರೀಕ್ಷೆ. ಗೂಡಿನಲ್ಲಿ ಮೊಟ್ಟೆ ಸಿಕ್ಕಿದರೆ ಉತ್ತರವೂ ಸಿಕ್ಕಿತು. ಒಡೆದ ಚಿಪ್ಪು ಅಲ್ಲಲ್ಲಿ ಬಿದ್ದಿದ್ದರೆ ಮುಂಗುಸಿ, ಕಾಗೆ ಅಥವಾ ಕೋಳಿಯೇ ತಿಂದಿರಬಹುದು. ಚಿಪ್ಪಿನ ಗುರುತೂ ಇಲ್ಲದೆ ಮೊಟ್ಟೆ ಮಾಯವಾಗಿದ್ದರೆ ಹಾವು ನುಂಗಿರುವ ಸಾಧ್ಯತೆ ಇದೆ. ಕತ್ತಲಲ್ಲಿ ಮೊಟ್ಟೆ ಬುಟ್ಟಿಗೆ ಬರಿಗೈ ಹಾಕಬೇಡಿ. ಟಾರ್ಚ್ ಬಿಟ್ಟು ನೋಡಿಯೇ ಕೈ ಹಾಕಿ.

ಎರಡನೆಯದು, ಯಾವ ಕೋಳಿ ಇಡುತ್ತಿದೆ, ಯಾವುದು ಇಡುತ್ತಿಲ್ಲ ಅಂತ ಕೈಯಿಂದ ನೋಡುವುದು. ಕೋಳಿಯನ್ನು ಕಂಕುಳಲ್ಲಿ ಹಿಡಿದು ಗುದದ ಎರಡೂ ಪಕ್ಕದ ಸಣ್ಣ ಮೂಳೆಗಳನ್ನು ಮುಟ್ಟಿ. ನಡುವೆ ಎರಡು ಬೆರಳು ಅಥವಾ ಜಾಸ್ತಿ ಹಿಡಿಸಿದರೆ, ಗುದ ಅಗಲವಾಗಿ ಒದ್ದೆಯಾಗಿದ್ದರೆ ಅದು ಇಡುತ್ತಿದೆ. ಒಂದೇ ಬೆರಳು ಹಿಡಿಸಿ, ಗುದ ಒಣಗಿ ಮುದುಡಿದ್ದರೆ ಇಡುತ್ತಿಲ್ಲ. ಇಡದೇ ಇರುವ ಕೋಳಿಯ ಕಾಲಿಗೆ ಬಣ್ಣದ ದಾರ ಕಟ್ಟಿ. ಹತ್ತು ದಿನ ಬಿಟ್ಟು ಮತ್ತೆ ನೋಡಿ.

ಇಡದೇ ಇರಲು ಕಾರಣ ಏನು ಅಂತ ನೋಡಿದರೆ, ವಯಸ್ಸು ಒಂದು. ನಾಟಿ ಕೋಳಿ ಆರೇಳು ತಿಂಗಳಿಗೆ ಶುರು ಮಾಡುತ್ತದೆ, ಎರಡು ವರ್ಷ ದಾಟಿದ ಮೇಲೆ ಇಳಿಯುತ್ತದೆ. ಇನ್ನೊಂದು ಕಾವು. ಬುಟ್ಟಿ ಬಿಟ್ಟು ಏಳದೆ, ಹತ್ತಿರ ಹೋದರೆ ಗರಿ ಉಬ್ಬಿಸಿ ಗುರ್ರ್ ಅನ್ನುತ್ತಿದ್ದರೆ ಅದು ಕಾವಿಗೆ ಕೂತಿದೆ. ಮರಿ ಬೇಕಿದ್ದರೆ ಕೂರಿಸಿ, 21 ದಿನ. ಬೇಡ ಅಂದರೆ ಕೆಳಗಿಂದ ಗಾಳಿ ಆಡುವ ತಂತಿ ಪಂಜರದಲ್ಲಿ, ಹುಲ್ಲು ಹಾಸದೆ, ನೀರು ಕಾಳು ಕೊಟ್ಟು ಮೂರು ನಾಲ್ಕು ದಿನ ಇಡಿ. ಕಾವು ಇಳಿಯುತ್ತದೆ. ನೀರಿನಲ್ಲಿ ಮುಳುಗಿಸುವ ಅಭ್ಯಾಸ ಕೆಲವರಿಗೆ ಇದೆ, ದಯವಿಟ್ಟು ಬೇಡ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ನಾಟಿ ಕೋಳಿಯ ಹಾಗೆ ಕಾವಿಗೆ ಕೂರುವುದಿಲ್ಲ. ಅವು ಮೊಟ್ಟೆ ನಿಲ್ಲಿಸಿದರೆ ಬೇರೆ ಕಾರಣ ಹುಡುಕಿ.

ಹಳೆ ಗರಿ ಉದುರಿ ಹೊಸದು ಬರುವ ಕಾಲದಲ್ಲೂ ಎರಡು ಮೂರು ತಿಂಗಳು ಮೊಟ್ಟೆ ಇರುವುದಿಲ್ಲ. ಇದು ಕಾಯಿಲೆ ಅಲ್ಲ. ಆಗ ಕೋಳಿಗೆ ಬೇಕಿರುವುದು ಗರಿ ಕಟ್ಟಲು ಒಳ್ಳೆ ಮೇವು.

ಬೆಳಕಿನ ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ. ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕಿದ್ದರೆ ಮೊಟ್ಟೆ ಚೆನ್ನಾಗಿ ಬರುತ್ತದೆ. ನಮ್ಮ ಕಡೆ ಡಿಸೆಂಬರ್‌ನಲ್ಲಿ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ. ಬೆಳಗಿನ ಜಾವ ಒಂದು ಸಣ್ಣ ಎಲ್‌ಇಡಿ ಬಲ್ಬು ಎರಡು ಮೂರು ಗಂಟೆ ಉರಿಸಿ ನೋಡಬಹುದು. ಸಂಜೆ ಉರಿಸಿ ದಿಢೀರನೆ ಆರಿಸಿದರೆ ಕೋಳಿಗಳು ಅಟ್ಟ ಹತ್ತಲಾಗದೆ ನೆಲದಲ್ಲೇ ಉಳಿಯುತ್ತವೆ, ಅದಕ್ಕೆ ಬೆಳಗಿನ ಹೊತ್ತೇ ವಾಸಿ.

ಇನ್ನು ಮೇವು. ಬರೀ ಅಕ್ಕಿ ನುಚ್ಚು, ರಾಗಿ, ಜೋಳ ತಿಂದರೆ ಹೊಟ್ಟೆ ತುಂಬುತ್ತದೆ, ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಮೊಟ್ಟೆ ಕೋಳಿಯ ಮೇವಿನಲ್ಲಿ ನೂರಕ್ಕೆ 16-18 ಭಾಗ ಪ್ರೋಟೀನ್ ಇರಬೇಕು. ಅಂಗಡಿಯ ಲೇಯರ್ ಮೇವು ಸ್ವಲ್ಪ ಬೆರೆಸಿ. ನೀರಿನ ಮೇಲೆ ಬೆಳೆಯುವ ಅಜೋಲಾ ಸಸ್ಯ ಕೊಡಿ. ಹಳೇ ಕಾಲದ ಉಪಾಯವೂ ಇದೆ: ಮಡಕೆಯಲ್ಲಿ ಸಗಣಿ, ಹರಿದ ಗೋಣಿ ತುಂಬಿ ನೀರು ಚಿಮುಕಿಸಿ, ಗೆದ್ದಲು ಇರುವ ಕಡೆ ರಾತ್ರಿ ಬೋರಲು ಹಾಕಿದರೆ ಬೆಳಿಗ್ಗೆಗೆ ಗೆದ್ದಲು ತುಂಬಿರುತ್ತದೆ. ಮರಿಗಳು ಅದನ್ನು ಹೆಕ್ಕುವುದು ನೋಡಿದರೆ ಮನಸ್ಸು ತುಂಬುತ್ತದೆ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಗ್ಗಲು ಜೋಳ ಮಾತ್ರ ಯಾವತ್ತೂ ಬೇಡ. ಅದರ ವಿಷ ಈಲಿಯನ್ನು ಹಾಳುಮಾಡುತ್ತದೆ, ಬಿಸಿಲಿಗೆ ಒಣಗಿಸಿದರೂ ಹೋಗುವುದಿಲ್ಲ.

ಚಿಪ್ಪು ತೆಳ್ಳಗಿದೆ, ಚಿಪ್ಪಿಲ್ಲದ ಮೊಟ್ಟೆ ಬರುತ್ತಿದೆ

ಸುಣ್ಣದಂಶ ಸಾಲದು ಅಂತ ಅರ್ಥ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಮನೆಯ ಮೊಟ್ಟೆ ಚಿಪ್ಪೂ ಆಗುತ್ತದೆ, ಆದರೆ ಹುರಿದು ನುಣ್ಣಗೆ ಪುಡಿ ಮಾಡಿ. ಹಾಗೇ ಹಾಕಿದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಬೀಳಬಹುದು. ಏಪ್ರಿಲ್-ಮೇ ಸೆಕೆಯಲ್ಲಿ ಮೇವು ಕಡಿಮೆ ತಿನ್ನುವುದರಿಂದಲೂ ಚಿಪ್ಪು ತೆಳುವಾಗುತ್ತದೆ. ಆಗ ನೆರಳು, ತಣ್ಣನೆ ನೀರೇ ಮದ್ದು. ಒಂದು ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಅದರ ದುಪ್ಪಟ್ಟು.

ಹೇಂಟೆ ಬಾಲ ಇಳಿಬಿಟ್ಟು, ನೆಟ್ಟಗೆ ನಿಂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ. ಉಗುರು ಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಂತೆ 15-20 ನಿಮಿಷ ಕೂರಿಸಿ, ಗುದಕ್ಕೆ ಕೊಬ್ಬರಿ ಎಣ್ಣೆ ಸವರಿ, ಕತ್ತಲೆ ಜಾಗದಲ್ಲಿ ಬಿಡಿ. ಒತ್ತಿ ಒಡೆಯಲು ಹೋಗಬೇಡಿ. ಒಳಗೆ ಚಿಪ್ಪು ಚುಚ್ಚಿದರೆ ಕೋಳಿ ಉಳಿಯುವುದು ಕಷ್ಟ. ಕೆಲವು ಗಂಟೆಯಲ್ಲಿ ಬಾರದಿದ್ದರೆ ವೈದ್ಯರ ಹತ್ತಿರ ಒಯ್ಯಿರಿ.

ಕೋಳಿ ಗರಿ ಉಬ್ಬಿಸಿ ಮುದುಡಿ ಕೂತಿದೆ

ಮೊದಲು ಅದನ್ನು ಬೇರೆ ಮಾಡಿ. ಮಂಕರಿ ಸಾಕು. ಬೇರೆ ಮಾಡಿದಾಗ ಅದರ ಹಿಕ್ಕೆ ಯಾವುದು ಅಂತ ಗೊತ್ತಾಗುತ್ತದೆ, ಉಳಿದವಕ್ಕೆ ಅಂಟುವುದೂ ತಪ್ಪುತ್ತದೆ. ಆಮೇಲೆ ಕುತ್ತಿಗೆ ಬುಡದ ಕಾಳಿನ ಚೀಲ ಮುಟ್ಟಿ. ಬೆಳಿಗ್ಗೆ ಅದು ಖಾಲಿ ಇರಬೇಕು. ರಾತ್ರಿ ಕಳೆದರೂ ಗಟ್ಟಿಯಾಗಿ ಉಂಡೆ ಕಟ್ಟಿದ್ದರೆ ಉದ್ದ ಹುಲ್ಲೋ, ಪ್ಲಾಸ್ಟಿಕ್ಕೋ ಸಿಕ್ಕಿಕೊಂಡಿರಬಹುದು.

ಈಗ ಹಿಕ್ಕೆ. ಕಂದು ಬಣ್ಣ, ಮೇಲೆ ಬಿಳಿ ಟೋಪಿ ಇದ್ದ ಹಾಗೆ ಇದ್ದರೆ ಸರಿ. ಮಧ್ಯೆ ಮಧ್ಯೆ ಅಂಟು ಅಂಟಾದ, ವಾಸನೆ ಹೊಡೆಯುವ ಗಾಢ ಕಂದು ಹಿಕ್ಕೆ ಬರುವುದೂ ಸಹಜ. ಹೊಸಬರು ಅದನ್ನು ಭೇದಿ ಅಂದುಕೊಂಡು ಗಾಬರಿ ಬೀಳುತ್ತಾರೆ. ಬೇಸಿಗೆಯಲ್ಲಿ ನೀರು ನೀರಾಗಿದ್ದು ಕೋಳಿ ಚುರುಕಾಗಿದ್ದರೆ ಜಾಸ್ತಿ ನೀರು ಕುಡಿದದ್ದಷ್ಟೇ.

ಮೂರರಿಂದ ಎಂಟು ವಾರದ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಇರಬಹುದು. ಇದು ಒದ್ದೆ ನೆಲದ ಕಾಯಿಲೆ. ಹಾಸಿದ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆ ಕಟ್ಟಿ ಹಾಗೇ ನಿಂತರೆ ಒದ್ದೆ ಜಾಸ್ತಿ. ತೆಗೆದು ಒಣ ಭತ್ತದ ಹೊಟ್ಟು ಹಾಕಿ, ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲೆ ಎತ್ತರಿಸಿ. ನೀರಿಗೆ ಬೆರೆಸುವ ಔಷಧಿ ಇದೆ, ವೈದ್ಯರನ್ನು ಕೇಳಿ ಅವತ್ತೇ ಶುರು ಮಾಡಿ. ಮರಿಗಳಲ್ಲಿ ಇದು ಒಂದೆರಡು ದಿನದಲ್ಲೇ ಪ್ರಾಣ ತೆಗೆಯುತ್ತದೆ.

ಹಗಲು ಮಂಕು, ಜುಟ್ಟು ಬಿಳಿಚಿದೆ, ರಾತ್ರಿ ಗೂಡಿಗೆ ಹೋಗಲು ಒಲ್ಲೆ ಅನ್ನುತ್ತವೆ ಅಂದರೆ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಅಟ್ಟದ ಸಂದಿ ನೋಡಿ. ಕೆಂಪು ನುಸಿ ಹಗಲು ಮರದ ಬಿರುಕಿನಲ್ಲಿ ಅಡಗಿ, ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಬಿಳಿ ಬಟ್ಟೆಯಿಂದ ಅಟ್ಟದ ಅಡಿ ಒರೆಸಿದರೆ ಕೆಂಪು ಕಲೆ ಬೀಳುತ್ತದೆ. ಕೋಳಿಗಿಂತ ಗೂಡಿಗೇ ಚಿಕಿತ್ಸೆ ಬೇಕು: ಕುದಿಯುವ ನೀರು, ಬಿರುಕಿಗೆಲ್ಲ ಸುಣ್ಣ, ವಾರ ಬಿಟ್ಟು ಮತ್ತೊಮ್ಮೆ. ಕೋಳಿಗಳಿಗೆ ಮಣ್ಣು-ಬೂದಿಯ ಗುಂಡಿ ಮಾಡಿಕೊಡಿ, ಹೊರಳಾಡಲಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಕೋಳಿ ಮೈಗೆ ಹೊಡೆಯಲೇಬೇಡಿ.

ಕತ್ತು ತಿರುಚಿದೆ, ಬಾಯಿ ತೆರೆದು ಉಸಿರಾಡುತ್ತಿವೆ, ಒಂದರ ಹಿಂದೆ ಒಂದು ಸಾಯುತ್ತಿವೆ

ಇಲ್ಲಿ ನಿಲ್ಲಿ. ಮನೆಮದ್ದಿನ ಹೊತ್ತು ಇದಲ್ಲ.

ಹಸಿರು ಭೇದಿ, ಗೊರಗೊರ ಉಸಿರು, ಕಾಲು ರೆಕ್ಕೆ ಬೀಳುವುದು, ಕತ್ತು ತಿರುಚುವುದು ಕೊಕ್ಕರೆ ರೋಗದ ಲಕ್ಷಣ. ರಾಣಿಖೇತ್ ಅಂತಲೂ ಕರೆಯುತ್ತಾರೆ. ಇದು ವೈರಸ್ ಕಾಯಿಲೆ, ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಇರುವುದು ಲಸಿಕೆ. ಮರಿಗೆ 5-7ನೇ ದಿನ ಕಣ್ಣಿಗೋ ಮೂಗಿಗೋ ಹನಿ, ನಾಲ್ಕು ವಾರಕ್ಕೆ ಲಸೋಟಾ, ಎಂಟು ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ಒಂದು ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ತೆರೆದ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ. ನಾವು ಅಕ್ಕಪಕ್ಕದ ಐದಾರು ಮನೆಯವರು ಸೇರಿ ಒಂದೇ ದಿನ ಹಾಕಿಸುತ್ತೇವೆ. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತಂದರೇ ಅದಕ್ಕೆ ಬೆಲೆ, ಬಿಸಿಲಲ್ಲಿ ಜೇಬಿನಲ್ಲಿಟ್ಟು ತಂದರೆ ಕೆಲಸ ಮಾಡುವುದಿಲ್ಲ.

ಇದೇ ಲಕ್ಷಣದ ಜೊತೆ ತಲೆ ಊತ, ಜುಟ್ಟು ನೀಲಿಗಟ್ಟುವುದು, ಒಂದೇ ದಿನ ಹಲವು ಸಾವು ಇದ್ದರೆ ಹಕ್ಕಿಜ್ವರವೂ ಇರಬಹುದು. ನಮ್ಮ ರಾಜ್ಯದಲ್ಲೇ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಬಂದಿತ್ತು. ಎರಡರಲ್ಲಿ ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ, ಲ್ಯಾಬ್ ಪರೀಕ್ಷೆಯೇ ಆಗಬೇಕು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ. ಸಾಯುವ ಮುಂಚೆ ಕೊಯ್ದು ತಿನ್ನೋಣ ಅನ್ನುವವರು ಇದ್ದಾರೆ, ಬೇಡ. ಉಳಿದವನ್ನು ಸಂತೆಗೆ ಒಯ್ಯುವುದೂ ಬೇಡ, ಇನ್ನೊಬ್ಬರ ಗೂಡಿಗೆ ಕಾಯಿಲೆ ಹೊತ್ತು ಹಾಕಿದ ಹಾಗೆ. ಹತ್ತಿರದ ಪಶು ಆಸ್ಪತ್ರೆಗೆ ತಕ್ಷಣ ತಿಳಿಸಿ.

ಜುಟ್ಟು, ಕಣ್ಣಿನ ಸುತ್ತ ಒಣ ಗುಳ್ಳೆ ಮಾತ್ರ ಇದ್ದು ಕೋಳಿ ಮೇಯುತ್ತಿದ್ದರೆ ಅದು ಸಿಡುಬು. ಸೊಳ್ಳೆಯಿಂದಲೂ ಹರಡುತ್ತದೆ. ಗುಳ್ಳೆ ಕೀಳಬೇಡಿ, ನಿಂತ ನೀರು ಚೆಲ್ಲಿ. ಬಾಯೊಳಗೂ ಬಂದು ತಿನ್ನಲಾಗದಿದ್ದರೆ ವೈದ್ಯರಿಗೆ ತೋರಿಸಿ.

ಮೇಕೆಯ ಎಡ ಹೊಟ್ಟೆ ಉಬ್ಬಿದೆ

ಎಡಗಡೆ ಪಕ್ಕೆಲುಬಿನ ಹಿಂದಿನ ತಗ್ಗು ನೋಡಿ. ತಗ್ಗು ಮುಚ್ಚಿ ಉಬ್ಬಿದ್ದರೆ ಬೆರಳಿನಿಂದ ತಟ್ಟಿ. ತಮಟೆ ಹಾಗೆ ಸದ್ದು ಬಂದರೆ ಗಾಳಿ ಅಥವಾ ನೊರೆ ತುಂಬಿದೆ. ಇಬ್ಬನಿ ಇರುವ ಎಳೆ ಹಸಿರು, ಕುದುರೆ ಮೆಂತೆ ಒಮ್ಮೆಗೇ ಜಾಸ್ತಿ ತಿಂದಾಗ ಹೀಗಾಗುತ್ತದೆ. ಒತ್ತಿದರೆ ಹಿಟ್ಟಿನ ಹಾಗೆ ತಗ್ಗಿ ಬಿದ್ದು, ಒಳಗೆ ನೀರಿನ ಸದ್ದು ಬಂದರೆ ಕಾಳೋ ಅನ್ನವೋ ತಿಂದ ಅಜೀರ್ಣ. ಹಬ್ಬ, ಮದುವೆಯ ಮಾರನೇ ದಿನ ಇದು ಜಾಸ್ತಿ. ಮಿಕ್ಕ ಅನ್ನ, ಪಾಯಸವನ್ನು ಪ್ರೀತಿಯಿಂದ ಹಾಕುತ್ತಾರೆ, ಅಲ್ವಾ? ಮೇಕೆ ಹಸುಗಳ ದೊಡ್ಡ ಹೊಟ್ಟೆಯಲ್ಲಿ ಅದು ಹುಳಿಯಾಗಿ ಜೀವಕ್ಕೇ ಬರುತ್ತದೆ.

ಗಾಳಿ ತುಂಬಿದ್ದರೆ ಮುಂಗಾಲು ಎತ್ತರದ ಜಾಗದಲ್ಲಿ ನಿಲ್ಲಿಸಿ, ಎಡ ಹೊಟ್ಟೆ ತಿಕ್ಕಿ, ಮೆಲ್ಲಗೆ ನಡೆಸಿ. ದೊಡ್ಡ ಮೇಕೆಗೆ ಸುಮಾರು 100 ಮಿಲಿ ಕಡಲೆಕಾಯಿ ಎಣ್ಣೆಯನ್ನು ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕುಡಿಸಬಹುದು. ತಲೆ ಮೇಲಕ್ಕೆ ಎತ್ತಿ ಹಿಡಿದು, ನಾಲಿಗೆ ಎಳೆದು ಸುರಿಯಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಉಬ್ಬರಕ್ಕಿಂತ ದೊಡ್ಡ ಕೇಡು. ಮಲಗಿದ ಮೇಕೆಗೆ ಏನನ್ನೂ ಕುಡಿಸಬೇಡಿ.

ಅಜೀರ್ಣವಾದರೆ ಕಾಳು ಪೂರ್ತಿ ನಿಲ್ಲಿಸಿ, ಒಣಹುಲ್ಲು ಮಾತ್ರ ಇಟ್ಟು ವೈದ್ಯರನ್ನು ಕರೆಸಿ. ಉಸಿರು ಕಟ್ಟುತ್ತಿದೆ, ನಾಲಿಗೆ ಹೊರಬಂದಿದೆ, ನಿಲ್ಲಲಾಗುತ್ತಿಲ್ಲ ಅಂದರೆ ಯಾವ ಉಪಚಾರಕ್ಕೂ ಕಾಯದೆ 1962ಕ್ಕೆ ಫೋನ್ ಮಾಡಿ. ಅದು ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ.

ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರಿಗೆ ನುಗ್ಗಿದ ಹಸು, ಮೇಕೆ ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು ಬಿದ್ದರೆ ಅದು ಸಯನೈಡ್ ವಿಷ. ಚುಚ್ಚುಮದ್ದು ಬೇಗ ಸಿಕ್ಕರೆ ಮಾತ್ರ ಉಳಿಯುತ್ತದೆ. ಫೋನಿನಲ್ಲೇ "ಜೋಳ ಮೇಯ್ದಿದೆ" ಅಂತ ಹೇಳಿ, ವೈದ್ಯರು ಔಷಧಿ ತೆಗೆದುಕೊಂಡೇ ಬರುತ್ತಾರೆ.

ಮೇಯುತ್ತದೆ, ಆದರೂ ಸೊರಗುತ್ತಿದೆ

ಮೇಕೆಯ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಭಾಗದ ಬಣ್ಣ ನೋಡಿ. ಕೆಂಪಗಿದ್ದರೆ ಸರಿ. ಕಾಗದದ ಹಾಗೆ ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಇರುವ ಸಾಧ್ಯತೆ ದೊಡ್ಡದು. ದವಡೆ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತಾಡುತ್ತಿದ್ದರೆ ಕಾಯಿಲೆ ಮುಂದುವರಿದಿದೆ, ಅವತ್ತೇ ವೈದ್ಯರಿಗೆ ತೋರಿಸಿ.

ಒಂದು ಬೆಂಕಿಪೊಟ್ಟಣದಷ್ಟು ತಾಜಾ ಹಿಕ್ಕೆ ಒಯ್ದರೆ ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದಲ್ಲಿ ಜಂತಿನ ಮೊಟ್ಟೆ ಇದೆಯಾ ನೋಡುತ್ತಾರೆ. ಔಷಧಿಯ ಅಳತೆ ತೂಕದ ಮೇಲೆ. ಅಂದಾಜಿಗೆ ಕಡಿಮೆ ಕುಡಿಸಿದರೆ ಗಟ್ಟಿ ಜಂತು ಉಳಿದುಕೊಂಡು ಆ ಔಷಧಿಗೇ ಬಗ್ಗದಂತೆ ಆಗುತ್ತವೆ. ನಾನೂ ಮೊದಲು ಎಲ್ಲಕ್ಕೂ ಒಂದೇ ಮುಚ್ಚಳ ಕುಡಿಸುತ್ತಿದ್ದೆ. ಮರುವರ್ಷ ಮಳೆಗಾಲದಲ್ಲಿ ಒಂದು ಒಳ್ಳೆ ಮರಿ ಕಳೆದುಕೊಂಡೆ. ಗಬ್ಬದ ಮೇಕೆ ಇದ್ದರೆ ಮೊದಲೇ ಹೇಳಿ, ಅಲ್ಬೆಂಡಜೋಲ್ ಅನ್ನೋ ಜಂತಿನ ಔಷಧಿಯನ್ನು ಗಬ್ಬದ ಶುರುವಿನಲ್ಲಿ ಕೊಡಬಾರದು. ಇಬ್ಬನಿ ಆರಿದ ಮೇಲೆ ಮೇಯಲು ಬಿಡಿ. ಜಂತಿನ ಮರಿಗಳು ಒದ್ದೆ ಹುಲ್ಲಿನ ಮೇಲೇರಿ ಕಾಯುತ್ತವೆ.

ಸೊರಗುವುದರ ಜೊತೆ ಜ್ವರ, ಮೂಗಿನಲ್ಲಿ ಸಿಂಬಳ, ಬಾಯಿ ಹುಣ್ಣು, ಭೇದಿ ಬಂದರೆ ಪಿಪಿಆರ್, ಅಂದರೆ ಕುರಿ ಮೇಕೆಗಳ ವೈರಸ್ ಅಂಟುರೋಗ, ಇರಬಹುದು. ಬೇರೆ ಕಟ್ಟಿ, ಫೋನ್ ಮಾಡಿ.

ಕುಂಟುತ್ತಿದೆ

ಕಾಲೆತ್ತಿ ಗೊರಸಿನ ಸಂದು ನೋಡಿ. ಮುಳ್ಳು, ಕಲ್ಲು, ಬೆಳೆದು ಮಡಚಿದ ಗೊರಸು, ಹೆಚ್ಚಿನ ಸಲ ಇಷ್ಟೇ. ಕೊಳೆತ ವಾಸನೆ ಬಂದರೆ ತೊಳೆದು, ಒಣ ನೆಲದಲ್ಲಿ ಕಟ್ಟಿ, ಎರಡು ದಿನದಲ್ಲಿ ಇಳಿಯದಿದ್ದರೆ ತೋರಿಸಿ. ಕುಂಟುವುದರ ಜೊತೆ ಜೊಲ್ಲು ಸುರಿಯುತ್ತಿದ್ದರೆ ಕಾಲುಬಾಯಿ ಜ್ವರ. ಸರ್ಕಾರದ ಲಸಿಕೆ ವರ್ಷಕ್ಕೆ ಎರಡು ಸಲ ಮನೆ ಬಾಗಿಲಿಗೇ ಬರುತ್ತದೆ, ತಪ್ಪಿಸಬೇಡಿ.

ಹಸುವಿನ ಹಾಲು ಇಳಿದಿದೆ

ಪ್ರತಿ ತೊಟ್ಟಿನ ಮೊದಲ ನಾಲ್ಕು ಸಲದ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿ. ಚಕ್ಕೆ, ಗರಣೆ, ನೀರು ನೀರು ಕಂಡರೆ, ಕೆಚ್ಚಲಿನ ಒಂದು ಭಾಗ ಬಿಸಿಯಾಗಿ ಗಟ್ಟಿಯಾಗಿದ್ದರೆ ಕೆಚ್ಚಲು ಬಾವು. ಆ ಹಾಲು ಮನೆಗೂ ಬೇಡ, ಡೇರಿಗೂ ಬೇಡ. ಆ ತೊಟ್ಟನ್ನು ಕೊನೆಗೆ ಕರೆಯಿರಿ, ಕೈ ತೊಳೆಯಿರಿ, ಅದೇ ದಿನ ವೈದ್ಯರನ್ನು ಕರೆಸಿ. ತಡವಾದರೆ ಆ ಭಾಗ ಬತ್ತಿಹೋಗುತ್ತದೆ. ಕರು ಹಾಕಿದ ಎರಡು ಮೂರು ದಿನದೊಳಗೆ ಹಸು ಏಳಲಾರದೆ, ಕಿವಿ ತಣ್ಣಗಾಗಿ, ಕತ್ತನ್ನು ಪಕ್ಕಕ್ಕೆ ತಿರುಗಿಸಿ ಮಲಗಿದ್ದರೆ ಅದು ಹಾಲು ಜ್ವರ. ಹೆಸರು ಜ್ವರವಾದರೂ ಮೈ ತಣ್ಣಗಿರುತ್ತದೆ. ನರಕ್ಕೆ ಕ್ಯಾಲ್ಸಿಯಂ ಕೊಡಬೇಕು, ವೈದ್ಯರೇ ಕೊಡಬೇಕು. ಅವರು ಬರುವವರೆಗೆ ಎದೆಯ ಮೇಲೆ ನೆಟ್ಟಗೆ ಕೂರುವ ಹಾಗೆ ಗೋಣಿಚೀಲ ಒತ್ತು ಕೊಡಿ.

ನಿಮ್ಮ ಮೈ ಮೇಲೂ ಎಚ್ಚರ ಇರಲಿ

ಇದ್ದಕ್ಕಿದ್ದ ಹಾಗೆ ಸತ್ತ ಹಸು, ಕುರಿ, ಮೇಕೆಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನ. ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ನಾಯಿಗಳನ್ನು ಹತ್ತಿರ ಬಿಡಬೇಡಿ. ವೈದ್ಯರು ಬಂದು ಹೇಳಿದಂತೆ ಆಳವಾಗಿ, ಸುಣ್ಣ ಹಾಕಿ ಹೂಳಬೇಕು. ಕಂದು ಹಾಕಿದಾಗ (ಗರ್ಭಪಾತವಾದಾಗ) ಬಿದ್ದ ಕಂದು, ಸತ್ತೆ (ಮಾಸು) ಮುಟ್ಟಲು ಕೈಗವಸು ಬೇಕೇ ಬೇಕು. ಹಸಿ ಹಾಲು ಕುಡಿಯಬೇಡಿ, ಕಾಯಿಸಿ. ಮರಿಗಳ ತುಟಿಯ ಮೇಲಿನ ಗಟ್ಟಿ ಹೊಪ್ಪಳೆ ಮನುಷ್ಯರ ಕೈಗೂ ಅಂಟುತ್ತದೆ.

ದನ, ಮೇಕೆ ಜೊಲ್ಲು ಸುರಿಸುತ್ತಾ, ವಿಚಿತ್ರವಾಗಿ ಕೂಗುತ್ತಾ, ನುಂಗಲಾಗದೆ ಒದ್ದಾಡುತ್ತಿದ್ದರೆ "ಗಂಟಲಲ್ಲಿ ಏನೋ ಸಿಕ್ಕಿದೆ" ಅಂತ ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ ದನವೂ ಹೀಗೇ ಮಾಡುತ್ತದೆ. ಜೊಲ್ಲು ಗಾಯಕ್ಕೆ ತಗುಲಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಮಿಕ್ಕಿದ ಮನುಷ್ಯರ ಮಾತ್ರೆ ಹಾಕಬೇಡಿ. ನೋವಿಗೆ ಡೈಕ್ಲೋಫೆನಾಕ್ ಅಂತೂ ಬೇಡವೇ ಬೇಡ. ಅದನ್ನು ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಹಾಗಾಗಿಯೇ 2006ರಲ್ಲಿ ಪ್ರಾಣಿಗಳಿಗೆ ಅದನ್ನು ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳನ್ನು ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ. ವೈದ್ಯರು ಆಂಟಿಬಯೋಟಿಕ್ ಬರೆದುಕೊಟ್ಟರೆ "ಹಾಲು, ಮೊಟ್ಟೆ ಎಷ್ಟು ದಿನ ಬಳಸಬಾರದು?" ಅಂತ ಅಲ್ಲೇ ಕೇಳಿ, ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಿ.

ಫೋನ್ ಮಾಡುವ ಮುಂಚೆ ಆ ನೋಟ್ ಬುಕ್ ಕೈಯಲ್ಲಿರಲಿ. ಎಷ್ಟು ವಯಸ್ಸು, ಯಾವಾಗಿಂದ, ಏನು ತಿಂದಿತ್ತು, ಜ್ವರ ಎಷ್ಟು, ಎಷ್ಟು ಪ್ರಾಣಿಗೆ ಹೀಗಾಗಿದೆ, ಯಾವ ಲಸಿಕೆ ಆಗಿದೆ. ಹಿಕ್ಕೆಯ ಒಂದು ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.